ಏಳನೆಯ ಹಾಳೆ

ಒಂಬತ್ತೂವರೆಯಾದರೂ ಪೂಂಗೊಡಿ ಬರಲಿಲ್ಲ. ದೈವಸಿಗಾಮಣಿ ಸೀಲಿನ ತಾರೀಕು ತಿರುಗಿಸಿ, ಇಂಕಿನ ದಿಂಬನ್ನು ಬೆರಳಿನಿಂದ ಒತ್ತಿ ನೋಡಿ, ರಿಜಿಸ್ಟರಿನ ಹೊಸ ಪುಟ ತೆರೆದು, ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಕೂರಿಸಿ ಆಗಲೇ ಅರ್ಧ ಗಂಟೆಯಾಗಿತ್ತು. ತಗಡಿನ ಕ್ಯಾಬಿನ್ನಿನ ಒಂದೇ ಕಿಟಕಿಯಿಂದ ಗುತ್ತಿಗೆದಾರರ ಕಚೇರಿಯ ಕಡೆಯ ಮಣ್ಣಿನ ದಾರಿ ಕಾಣುತ್ತದೆ. ಆ ದಾರಿಯಲ್ಲಿ ಹಳದಿ ಹೆಲ್ಮೆಟ್ಟು, ಎದೆಗವಚಿಕೊಂಡ ನೀಲಿ ಫೈಲು, ಸಿಮೆಂಟು ಮೆತ್ತಿದ ಚಪ್ಪಲಿ ಇವು ಮೂರೂ ಒಟ್ಟಾಗಿ ಕಂಡರೆ ಅದು ಗುತ್ತಿಗೆದಾರರ ಕಾಗದಪತ್ರ ನೋಡಿಕೊಳ್ಳುವ ಪೂಂಗೊಡಿ. ಇವತ್ತು ಕಂಡದ್ದು ನೀರಿನ ಟ್ಯಾಂಕರು, ಅದರ ಹಿಂದೆ ಒಂದು ನಾಯಿ. ಮೇಜಿನ ಎರಡನೆಯ ಖಾನೆಯಲ್ಲಿ, ಪಂಚಿಂಗ್ ಯಂತ್ರದ ಕೆಳಗೆ, ಆ ಹಾಳೆ ಇತ್ತು. ಅದು ಅಲ್ಲಿದೆ ಎಂಬುದು ಬಿಸಿಲಿಗೆ ಕಾದ ತಗಡಿನ ಹಾಗೆ ಅವನ ಮೊಣಕಾಲಿಗೆ ತಾಕುತ್ತಿತ್ತು. ಮೊಣಕಾಲನ್ನು ಆಚೆ ಸರಿಸಿಕೊಂಡ. ಈ ಹನ್ನೊಂದು ದಿನಗಳಲ್ಲಿ ಹೀಗೆ ಸರಿಸಿಕೊಂಡು ಸರಿಸಿಕೊಂಡು ಅವನು ಕುರ್ಚಿಯಲ್ಲಿ ಓರೆಯಾಗಿ ಕೂರುವುದನ್ನೇ ರೂಢಿ ಮಾಡಿಕೊಂಡಿದ್ದ.

ಶ್ರೀಪೆರಂಬುದೂರು ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಕಟ್ಟುತ್ತಿರುವುದು ಆಸ್ಪತ್ರೆ. ಅದಕ್ಕೆ ಹಾಕುವ ಪ್ರತಿಯೊಂದು ವಸ್ತುವಿನ ಮಾದರಿಯನ್ನೂ ಕಾಗದವನ್ನೂ ಗುತ್ತಿಗೆದಾರರು ಮೊದಲು ಕನ್ಸಲ್ಟೆಂಟರ ಕಚೇರಿಗೆ ಸಲ್ಲಿಸಬೇಕು. ನಲ್ಲಿಯಾಗಲಿ, ನೆಲದ ಟೈಲಾಗಲಿ, ಬಾಗಿಲಿನ ಹಿಡಿಯಾಗಲಿ, ಇಲ್ಲಿ ಸೀಲು ಬಿದ್ದ ಮೇಲೆಯೇ ಕೊಳ್ಳಬೇಕು. ಸಬ್ಮಿಟಲ್ ಎನ್ನುತ್ತಾರೆ. ಓದಿ ಒಪ್ಪುವವರು ಎಂಜಿನಿಯರು ರಂಗಭಾಷ್ಯಂ. ಆದರೆ ಅವರ ಮೇಜಿಗೆ ಹೋಗುವ ಮೊದಲು ಪ್ರತಿ ಫೈಲೂ ಸಿಗಾಮಣಿಯ ಮೇಜು ದಾಟಬೇಕು. ಹಾಳೆ ಎಣಿಸುವುದು, ಸಹಿ ನೋಡುವುದು, ನಂಬರು ಹಾಕುವುದು ಅವನ ಕೆಲಸ. ಪ್ರತಿ ಫೈಲಿನ ಮೇಲೆ ಒಂದು ಚೀಟಿ, ಚೀಟಿಯಲ್ಲಿ ನಾಲ್ಕು ಚೌಕ: ಒಪ್ಪಿದೆ, ಟಿಪ್ಪಣಿಯೊಂದಿಗೆ ಒಪ್ಪಿದೆ, ತಿದ್ದಿ ಮತ್ತೆ ಸಲ್ಲಿಸಿ, ತಿರಸ್ಕರಿಸಿದೆ. ಯಾವುದಾದರೂ ಒಂದಕ್ಕೆ ಗುರುತು ಬೀಳದ ಚೀಟಿಯನ್ನು ಅವನು ಕಪಾಟಿನೊಳಗೆ ಬಿಟ್ಟವನಲ್ಲ. ರಂಗಭಾಷ್ಯಂ ಅವರೇ ಒಮ್ಮೆ ಗುರುತು ಹಾಕಲು ಮರೆತಾಗ ಅವರು ಕಾರಿಗೆ ಹತ್ತುವಾಗ ಹಿಂದೆ ಓಡಿಹೋಗಿ ಹಾಕಿಸಿಕೊಂಡು ಬಂದಿದ್ದ. ಸೈಟಿನಲ್ಲಿ ಅವನಿಗೆ ವಾಪಸ್ ಸಿಗಾಮಣಿ ಎಂದು ಹೆಸರು. ಎಂಜಿನಿಯರುಗಳು ಅದನ್ನು ಅವನ ಬೆನ್ನ ಹಿಂದೆ ಹೇಳುತ್ತಾರೆ, ಸೆಂಟ್ರಿಂಗ್ ಕೆಲಸದವರು ಮುಖಕ್ಕೇ ಹೇಳುತ್ತಾರೆ. ಹೇಳಲಿ. ಕರೆಯಲು ಒಂದು ಹೆಸರಿದೆ ಎಂದರೆ ಕರೆಯುವವರು ಇದ್ದಾರೆ ಎಂದಾಯಿತಲ್ಲ.

ಮೊದಲನೆಯ ಸಲ ಅವಳ ಫೈಲು ವಾಪಸ್ ಕಳಿಸಿದ್ದು ಬೇಕೆಂದು ಮಾಡಿದ್ದಲ್ಲ. ನಲ್ಲಿಗಳ ಫೈಲು. ಒಂದು ಹಾಳೆ ಕಡಿಮೆ ಬಂತು, ವಾಪಸ್ ಕಳಿಸಿದ. ಪೂಂಗೊಡಿ ಮಧ್ಯಾಹ್ನದ ಬಿಸಿಲಿನಲ್ಲಿ ಬಂದು, ದುಪಟ್ಟಾದಿಂದ ಕುತ್ತಿಗೆ ಒರೆಸಿಕೊಂಡು, "ಸ್ವಲ್ಪ ನೀರು ಕೊಡ್ತೀರಾ ಸಾರ್" ಎಂದು ಕೂತಳು. ಹುಡುಕುತ್ತಾ ಹುಡುಕುತ್ತಾ ತನ್ನ ಅತ್ತೆ ಬದನೆಕಾಯಿಯ ತೊಟ್ಟನ್ನೂ ಬಿಸಾಡಲು ಬಿಡುವುದಿಲ್ಲ ಎಂಬುದನ್ನು ಹೇಳಿದಳು. ಮಗಳು ಸಿಕ್ಕಿದ ಹಾಳೆಯ ಮೇಲೆಲ್ಲ ಆನೆಯ ಚಿತ್ರ ಬರೆಯುತ್ತಾಳೆ ಎಂದಳು. ಸಿಗಾಮಣಿ ರದ್ದಾದ ನಕ್ಷೆಗಳ ಒಂದು ಸುರುಳಿ ಕೊಟ್ಟ, ಹಿಂಬದಿ ಖಾಲಿಯಿದೆ, ಆನೆಗೆ ಜಾಗ ಸಾಕು ಎಂದ. ಅವಳು ನಕ್ಕಳು. ಡಬ್ಬಿಯ ಮುಚ್ಚಳದಲ್ಲಿ ಅವನಿಗೂ ಎರಡು ತುತ್ತು ಹುಳಿಯನ್ನ ಹಾಕಿ ಕೊಟ್ಟಳು. ಅವಳು ಹೋದ ಮೇಲೆ ನೋಡಿದರೆ ಕಡಿಮೆ ಬಂದಿದ್ದ ಹಾಳೆ ಸೀಲಿನ ಹಸಿ ಇಂಕಿನಿಂದ ಹಿಂದಿನ ಹಾಳೆಯ ಬೆನ್ನಿಗೆ ಅಂಟಿಕೊಂಡಿತ್ತು. ಫೋನು ಮಾಡಿ ಹೇಳಬಹುದಿತ್ತು. ನಾಳೆ ಹೇಗೂ ಬರುತ್ತಾಳೆ ಎಂದುಕೊಂಡ. ಬಂದಳು. ಆಮೇಲೆ ಕಡಿಮೆ ಬಂದ ಹಾಳೆಗಳು ತಾವಾಗಿ ಅಂಟಿಕೊಂಡವಲ್ಲ. ಇದಕ್ಕೆ ಏನೆನ್ನಬೇಕು ಎಂದು ಅವನು ಎಷ್ಟೋ ಸಲ ಕೇಳಿಕೊಂಡಿದ್ದ. ಅವಳ ಮೇಲಿನ ಆಸೆಯೇ? ಥೂ, ಅದಲ್ಲ. ಅದಾಗಿದ್ದರೆ ತನ್ನನ್ನು ತಾನು ಬೈದುಕೊಳ್ಳಲು ಒಂದು ಹೆಸರಾದರೂ ಸಿಗುತ್ತಿತ್ತು. ಸುಂಗುವಾರ್‌ಛತ್ರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನಿದ್ದಾನೆ. ತಿರುನೆಲ್ವೇಲಿಯಲ್ಲಿರುವ ಹೆಂಡತಿಗೆ ಫೋನು ಮಾಡಿದರೆ ಊಟ ಆಯಿತೇ ಎಂಬಲ್ಲಿಗೆ ಮಾತು ಮುಗಿದು, ಇಬ್ಬರೂ ಫೋನು ಹಿಡಿದುಕೊಂಡು ಅಲ್ಲಿಯ ಟಿ.ವಿ.ಯ ಸದ್ದು ಕೇಳುತ್ತಾರೆ. ಅಷ್ಟೆ. ಬಾಗಿಲಿಗೆ ಒಬ್ಬರು ಬರಬೇಕು, ನೀರು ಕೇಳಬೇಕು. ಇಷ್ಟೇ ಸಣ್ಣದಕ್ಕೆ ಅಷ್ಟು ದೊಡ್ಡ ಕಳ್ಳತನ.

ಮಂಗಳವಾರವಾದ್ದರಿಂದ ಹನ್ನೊಂದಕ್ಕೆ ಸಭೆ. ಮಿನಿಟ್ಸ್ ಬರೆಯುವವನು ಸಿಗಾಮಣಿಯೇ. ಬಾಗಿಲ ಪಕ್ಕದ ಮಡಿಸುವ ಕುರ್ಚಿ ಅವನದು, ಏ.ಸಿ.ಯ ಗಾಳಿ ಅಲ್ಲಿಗೆ ಬರುವುದಿಲ್ಲ. ಪೂಂಗೊಡಿ ಆಗಲೇ ಬಂದಿದ್ದಳು, ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಊದಿತ್ತು. ಗುತ್ತಿಗೆದಾರರ ಮ್ಯಾನೇಜರು ಕದಿರೇಸನ್ ಪಟ್ಟಿಯ ನಾಲ್ಕನೆಯ ಅಂಶದ ಮೇಲೆ ಪೆನ್ನಿನಿಂದ ಕುಟ್ಟುತ್ತಾ ಶುರುಮಾಡಿದರು.

"ಫೈರ್ ಡೋರು. ಮೂರನೇ ಸಲ ವಾಪಸ್. ಎಂಬತ್ನಾಲ್ಕು ಬಾಗಿಲು ಸಾರ್, ಆರ್ಡರ್ ಕೊಡೋಕೇ ಆಗ್ತಿಲ್ಲ."

ರಂಗಭಾಷ್ಯಂ ಕನ್ನಡಕ ತೆಗೆದು ಇಟ್ಟರು. "ನಾನೇನ್ ಮಾಡ್ಲಿ ಕದಿರೇಸನ್? ಟೆಸ್ಟ್ ವರದೀಲಿ ಏಳನೇ ಹಾಳೆ ಇಲ್ಲ. ಬಾಗಿಲು ಬೆಂಕೀನ ಎಷ್ಟೊತ್ತು ತಡೆಯುತ್ತೆ ಅನ್ನೋದು ಇರೋದೇ ಆ ಹಾಳೇಲಿ. ಆರು ನೋಡಿದೆ, ಎಂಟು ನೋಡಿದೆ. ಏಳು ಎಲ್ಲಪ್ಪಾ?"

"ಜೆರಾಕ್ಸ್ ಇದೆ ಸಾರ್," ಎಂದಳು ಪೂಂಗೊಡಿ.

"ಜೆರಾಕ್ಸ್ ಯಾರಿಗೆ ಬೇಕಮ್ಮಾ? ನೀಲಿ ಸೀಲಿರೋ ಅಸಲೇ ಬೇಕು ಅಂತ ರೂಲ್ಸ್ ಇದೆ. ಲ್ಯಾಬಿನವ್ರು ಇನ್ನೊಂದು ಕೊಡೋಕೆ ಐದು ವಾರ ಅಂತಿದಾರೆ," ಎಂದು ಕದಿರೇಸನ್ ಅವಳ ಕಡೆ ತಿರುಗಿದರು. "ಹಾಳೆ ಎಣಿಸೋಕೂ ಬರಲ್ವಾ ನಿಂಗೆ?"

"ಎಣಿಸಿದ್ದೆ ಸಾರ್. ಮೂರು ಸಲ ಎಣಿಸಿದ್ದೆ."

"ಹಂಗಾದ್ರೆ ಹಾಳೆಗೆ ಕಾಲು ಬಂತಾ? ಬಸ್ ಹತ್ಕೊಂಡು ಕಾಂಚೀಪುರಕ್ಕೆ ಹೋಯ್ತಾ, ದೇವರು ನೋಡೋಕೆ?"

ಎಲ್ಲರೂ ನಕ್ಕರು. ಸಿಗಾಮಣಿಯ ಮೂಗಿನಿಂದಲೂ ಒಂದು ಸಣ್ಣ ಸದ್ದು ಹೊರಟಿತು. ಹೊರಟ ಮೇಲೆ ಅದು ನಗೆ ಎಂದು ಅವನಿಗೆ ತಿಳಿಯಿತು. ಪೂಂಗೊಡಿ ಎಲ್ಲರನ್ನೂ ಬಿಟ್ಟು ಅವನೊಬ್ಬನನ್ನೇ ನೋಡಿದಳು, ನೀವೂನಾ ಎಂಬಂತೆ. ನಾಲ್ಕನೆಯ ತರಗತಿಯಲ್ಲಿ ಮೇಷ್ಟರು ಅವನ ಅಂಗಿಯ ಹರಿದ ಬೆನ್ನನ್ನು ಇಡೀ ತರಗತಿಗೆ ತೋರಿಸಿದ್ದರು. ಅವತ್ತು ನಗದೆ ಇದ್ದವನು ಒಬ್ಬನೇ, ಪಕ್ಕದಲ್ಲಿ ಕೂರುತ್ತಿದ್ದ ಕುಂಬಾರರ ಹುಡುಗ. ಅವನ ಹೆಸರು ಈಗ ನೆನಪಿಲ್ಲ. ನಕ್ಕವರ ಹೆಸರುಗಳೆಲ್ಲ ಹಾಜರಿ ಪುಸ್ತಕದ ಹಾಗೆ ಸಾಲಾಗಿ ನೆನಪಿವೆ. ಸಿಗಾಮಣಿಯ ಪೆನ್ನು ನಿಂತಿತ್ತು.

"ಬರ್ಕೊಳ್ಳಿ ಸಿಗಾಮಣಿ," ಎನ್ನುತ್ತಿದ್ದರು ಕದಿರೇಸನ್. "ಕಾಗದಪತ್ರ ನೋಡೋರ ಅಜಾಗರೂಕತೆಯಿಂದ ವಿಳಂಬ. ಸಂಬಂಧಪಟ್ಟೋರನ್ನ ಒಂದನೇ ತಾರೀಕಿಂದ ಕೆಲ್ಸದಿಂದ ತೆಗೀತೀವಿ. ಹೆಸ್ರು ಹಾಕಿ. ಹೆಡ್ಡಾಫೀಸಿಗೆ ನಾಳೇನೇ ಈ ಮಿನಿಟ್ಸ್ ಬೇಕು, ಅದನ್ನ ನೋಡೇ ಆರ್ಡರ್ ಹೊರಡ್ಸೋದು."

ಹಾಳೆ ಎಣಿಸುವ ಹೊತ್ತಿಗೆ ಕೊಟ್ಟವರು ಎದುರಿಗಿರಬೇಕು ಎಂಬ ನಿಯಮ ಮೊದಲು ಇತ್ತು. 'ಎಣಿಕೆಗೆ ಒಳಪಟ್ಟು ಸ್ವೀಕರಿಸಿದೆ' ಎಂಬ ಸೀಲು ಮಾಡಿಸಿ ಅದನ್ನು ತಪ್ಪಿಸಿದವನು ಸಿಗಾಮಣಿ. ಅಸಲೇ ಬೇಕು ಎಂಬ ನಿಯಮವೂ ಅವನದೇ. ರಂಗಭಾಷ್ಯಂ ಆಗ ಭುಜ ತಟ್ಟಿ, "ನೋಡ್ರಯ್ಯಾ, ಡಿಗ್ರಿ ಇಲ್ಲದ ಮನುಷ್ಯ, ಎಷ್ಟು ಶಿಸ್ತು" ಎಂದಿದ್ದರು. ಡಿಗ್ರಿ ಇಲ್ಲದ್ದನ್ನು ಹೊಗಳಿಕೆಯೊಳಗೆ ಹೇಗೆ ಸೇರಿಸಬೇಕೆಂಬುದು ದೊಡ್ಡವರಿಗೆ ಗೊತ್ತಿರುತ್ತದೆ. ಸಭೆ ಮುಗಿದು ಕುರ್ಚಿಗಳು ಸದ್ದುಮಾಡಿದಾಗಲೂ ಅವನ ಪುಸ್ತಕದಲ್ಲಿ ಆ ಅಂಶದ ನಂಬರಿನ ಎದುರು ಏನೂ ಇರಲಿಲ್ಲ.

ಊಟಕ್ಕೆ ಅವನು ಎಂದಿನಂತೆ ಮಾದರಿ ಕೋಣೆಗೆ ಹೋದ. ಮೊದಲನೆಯ ಮಹಡಿಯಲ್ಲಿ ಒಂದೇ ಒಂದು ಕೋಣೆಯನ್ನು ಪೂರ್ತಿ ಮುಗಿಸಿ ಇಟ್ಟಿದ್ದಾರೆ. ಒಪ್ಪಿಗೆಯಾದ ಟೈಲು, ಒಪ್ಪಿಗೆಯಾದ ಬಣ್ಣ, ಒಪ್ಪಿಗೆಯಾದ ದೀಪ, ಪ್ಲಾಸ್ಟಿಕ್ ಬಿಚ್ಚದ ರೋಗಿಯ ಮಂಚ. ಸುತ್ತ ಮುನ್ನೂರು ಕೋಣೆಗಳು ಬರೀ ಇಟ್ಟಿಗೆ, ಇದೊಂದು ಮಾತ್ರ ಆಗಲೇ ಆಸ್ಪತ್ರೆ. ಪ್ರತಿ ವಸ್ತುವಿನ ಮೇಲೂ ಅವನು ಅಂಟಿಸಿದ ನಂಬರಿನ ಚೀಟಿ. ಮಂಚದ ತುದಿಯಲ್ಲಿ ಕೂತು ಮೊಸರನ್ನದ ಡಬ್ಬಿ ತೆಗೆದರೆ ಕೆಳಗೆ ಪ್ಲಾಸ್ಟಿಕ್ಕು ಚರಚರ ಎನ್ನುತ್ತದೆ. ತಾನು ಇಲ್ಲಿ ಕಾಯಿಲೆಯಾಗಿ ಮಲಗಿದ್ದೇನೆ, ಬಾಗಿಲು ತೆರೆದು ಯಾರೋ ಕಿತ್ತಳೆ ಹಣ್ಣು ತರುತ್ತಾರೆ ಎಂದು ಎಷ್ಟೋ ಮಧ್ಯಾಹ್ನ ಕಲ್ಪಿಸಿಕೊಂಡಿದ್ದ. ಇವತ್ತು ಬಾಗಿಲಿಲ್ಲದ ಬರಿಯ ಚೌಕಟ್ಟನ್ನು ನೋಡಿದ. ಇಡೀ ಕೋಣೆಯಲ್ಲಿ ಇನ್ನೂ ಬಾರದಿರುವುದು ಅದೊಂದೇ. ಹಾಳೆ ಜೇಬಿನಲ್ಲಿತ್ತು, ಎರಡು ಮಡಿಕೆ. ಖಾನೆಯಿಂದ ಯಾವಾಗ ತೆಗೆದೆ ಎಂಬುದು ಅವನಿಗೇ ಸರಿಯಾಗಿ ನೆನಪಿರಲಿಲ್ಲ. ಬೀರುವಿನ ಸಂದಿಯಲ್ಲಿ ಸಿಕ್ಕಿತು ಸಾರ್ ಎನ್ನಬಹುದು. ಮೆಲ್ಲಗೆ ಹೇಳಿ ನೋಡಿದ. "ಸಿಕ್ತು ಸಾರ್." ಖಾಲಿ ಕೋಣೆಯಲ್ಲಿ ಅದು ಬಹಳ ಚೆನ್ನಾಗಿ ಕೇಳಿಸಿತು, ನಿಜದ ಹಾಗೆಯೇ. ಇನ್ನೂ ಸುಲಭದ್ದು ಇನ್ನೊಂದಿತ್ತು. ಅವಳ ಕಚೇರಿಗೇ ಹೋಗಿ, ಯಾವುದಾದರೂ ಫೈಲಿನ ನಡುವೆ ತುರುಕಿ ಬಂದುಬಿಡುವುದು. ಅಸಲು ಸಿಗುತ್ತದೆ, ಬಾಗಿಲು ಬರುತ್ತದೆ, ತಪ್ಪು ಅವಳದೇ ಆದರೂ ಕೆಲಸ ಉಳಿಯಬಹುದು. ಉಳಿಯಬಹುದು ಎಂಬ ಮಾತಿನ ಮೇಲೆ ಅವನು ಎದ್ದ. ಡಬ್ಬಿಯಲ್ಲಿ ಅನ್ನ ಹಾಗೇ ಇತ್ತು.

ಗುತ್ತಿಗೆದಾರರ ಕಚೇರಿಯಲ್ಲಿ ಪೂಂಗೊಡಿ ಒಬ್ಬಳೇ ನೆಲದ ಮೇಲೆ ಕೂತಿದ್ದಳು. ಸುತ್ತಲೂ ಕಪಾಟಿನ ಫೈಲುಗಳೆಲ್ಲ ಹರಡಿದ್ದವು. ಹೆಲ್ಮೆಟ್ಟು ಬೋರಲಾಗಿ ಬಿದ್ದಿತ್ತು, ಅದರೊಳಗೆ ಕಿತ್ತ ಸ್ಟೇಪಲ್ ಪಿನ್ನುಗಳು.

"ಬನ್ನಿ ಸಾರ್," ಎಂದಳು ತಲೆ ಎತ್ತದೆ. "ಬೇರೆ ಯಾವ್ದಾದ್ರೂ ಫೈಲಿಗೆ ಸೇರ್ಕೊಂಡಿರ್ಬೇಕು. ನೀವೂ ಸ್ವಲ್ಪ ನೋಡ್ತೀರಾ? ನಿಮ್ ಕಣ್ಣಿಗೆ ಬೀಳುತ್ತೆ. ನಿಮ್ ಕಣ್ಣಿಂದ ಯಾವ್ದು ತಪ್ಪಿಸ್ಕೊಂಡಿದೆ?"

ಅವನು ಕೂತ. ಮೊಣಕಾಲು ಲಟಕ್ ಎಂದಿತು. ಒಂದು ಫೈಲು ತೆಗೆದುಕೊಂಡು, ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ ಹಾಳೆ ಸರಿಸತೊಡಗಿದ. ಅಂಗಿಯ ಜೇಬಿನಲ್ಲಿ ಮಡಿಸಿದ ಹಾಳೆ ಉಸಿರಾಡಿದಾಗಲೆಲ್ಲ ಎದೆಗೆ ಒತ್ತುತ್ತಿತ್ತು. ಅವಳು ಹೇಳುತ್ತಿದ್ದಳು, ಟೀ ಅಂಗಡಿಯ ಅಂಜಲೈ ಅಕ್ಕನ ಟೀ ಈಗೀಗ ಬರೀ ನೀರು ಸಾರ್, ಮಗಳನ್ನು ಮುಂದಿನ ತಿಂಗಳು ಶಾಲೆಗೆ ಸೇರಿಸಬೇಕು ಸಾರ್, ಅಲ್ಲಿ ತಾಯಿ ಏನು ಕೆಲಸ ಎಂದು ಫಾರಮ್ಮಿನಲ್ಲಿ ಕೇಳುತ್ತಾರೆ, ನೆನ್ನೆ ತಾನೇ ಇಂಕಿನಲ್ಲಿ ತುಂಬಿದೆ. ಅವನು ಹೂಂ ಎನ್ನುತ್ತಿದ್ದ. ಕಾಲು ಜೋಮು ಹಿಡಿದಿತ್ತು, ಎದುರು ಫ್ಯಾನು ತಿರುಗುತ್ತಿತ್ತು, ಇಬ್ಬರೂ ಒಂದೇ ವಸ್ತುವನ್ನು ಹುಡುಕುತ್ತಿದ್ದರು. ಅರ್ಧ ಗಂಟೆ ಕಳೆದಿರಬೇಕು. ಆ ಅರ್ಧ ಗಂಟೆಯಲ್ಲಿ ತಾನು ಸುಖವಾಗಿದ್ದೆ ಎಂಬುದು ಅವನಿಗೆ ಹೊಳೆದಾಗ ಕೈಯಲ್ಲಿದ್ದ ಹಾಳೆ ಜಾರಿ ಬಿತ್ತು. ಜೇಬಿನ ಹಾಳೆಯನ್ನು ಫೈಲಿಗೆ ತುರುಕುವ ಅವಕಾಶ ಹತ್ತು ಸಲ ಬಂದು ಹೋಗಿತ್ತು. ತುರುಕಿದರೆ ಹುಡುಕುವುದು ಮುಗಿದುಹೋಗುತ್ತದಲ್ಲ, ಅದಕ್ಕೇ ಅವನು ತುರುಕಿರಲಿಲ್ಲ. ಎಂಥ ನಾಯಿ ಜನ್ಮ ಇದು ಎಂದುಕೊಂಡ. ಎದ್ದು ನಿಂತ.

"ಇಲ್ಲಿ ಇಲ್ಲಮ್ಮಾ," ಎಂದ.

"ಇನ್ನೊಂದು ಸಾಲು ಇದೆ ಸಾರ್."

"ಇಲ್ಲಿಲ್ಲ. ಎದ್ದೇಳು. ಹುಡುಕ್ಬೇಡ."

ಬಿಸಿಲಿನಲ್ಲಿ ತನ್ನ ಕ್ಯಾಬಿನ್ನಿಗೆ ನಡೆದು ಬಂದವನು ಫ್ಯಾನು ಕೂಡ ಹಾಕದೆ ಟೈಪು ಮಾಡಲು ಕೂತ. ಪೇಂಟಿನ ಅಂಶ, ಲಿಫ್ಟಿನ ಅಂಶ, ನೀರಿನ ತೊಟ್ಟಿಯ ಅಂಶ, ಎಲ್ಲ ಬಂದವು. ಆಮೇಲೆ ನಾಲ್ಕನೆಯದು. 'ಬೆಂಕಿ ಬಾಗಿಲಿನ ಪರೀಕ್ಷಾ ವರದಿಯ ಏಳನೆಯ ಹಾಳೆಯನ್ನು ಗುತ್ತಿಗೆದಾರರು ಸರಿಯಾಗಿಯೇ ಸಲ್ಲಿಸಿದ್ದರು. ಅದನ್ನು ಫೈಲಿನಿಂದ ತೆಗೆದು ಇಟ್ಟುಕೊಂಡವನು ಕನ್ಸಲ್ಟೆಂಟರ ಕಚೇರಿಯ ಎಂ. ದೈವಸಿಗಾಮಣಿ. ಅಸಲು ಹಾಳೆಯನ್ನು ಇದರೊಂದಿಗೆ ಲಗತ್ತಿಸಿದೆ. ಶ್ರೀಮತಿ ಪೂಂಗೊಡಿಯವರ ತಪ್ಪೇನೂ ಇಲ್ಲ.' ಪಕ್ಕದ ಅಂಕಣದಲ್ಲಿ ಕ್ರಮ ಕೈಗೊಳ್ಳಬೇಕಾದವರು ಎಂಬಲ್ಲಿ ಕನ್ಸಲ್ಟೆಂಟ್ ಎಂದು ಹಾಕಿದ. ಕಾರಣ ಬರೆಯಲು ಮಿನಿಟ್ಸಿನಲ್ಲಿ ಅಂಕಣವಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು. ಈಗ ಸಹಿ ಹಾಕುವಾಗ ರಂಗಭಾಷ್ಯಂ, ಕದಿರೇಸನ್ ಇಬ್ಬರೂ ಓದುತ್ತಾರೆ, ಓದಿ ಕೂಗುತ್ತಾರೆ, ಕೂಗಾಟದಲ್ಲಿ ಎಲ್ಲ ಮುಗಿಯುತ್ತದೆ ಎಂದು ಬೆವರುತ್ತಾ ಎದ್ದ.

ರಂಗಭಾಷ್ಯಂ ಫೋನಿನಲ್ಲಿದ್ದರು. ಮಗಳ ಮದುವೆಯ ಛತ್ರದ ಮಾತು. ಕೊನೆಯ ಪುಟ ಎಲ್ಲಿ ಎಂದು ಬೆರಳಿನಿಂದಲೇ ಕೇಳಿ, ಸಹಿ ಹಾಕಿ, ಹೋಗು ಎಂದು ಕೈ ಬೀಸಿದರು. ಅವನು ಹೋಗಲಿಲ್ಲ. "ಸಾರ್, ನಾಲ್ಕನೇ ಅಂಶ ಒಂಚೂರು..." ಅವರು ಫೋನಿನ ಬಾಯಿ ಮುಚ್ಚಿ, "ಎಲ್ಲಾ ಸರಿ ಇರುತ್ತೆ ಸಿಗಾಮಣಿ, ಹೋಗಪ್ಪಾ" ಎಂದರು. ಕದಿರೇಸನ್ ಕಾರಿನ ಬಳಿ ಸಿಕ್ಕರು. ಬಿಸಿ ಬಾನೆಟ್ಟಿನ ಮೇಲೆ ಕಾಗದ ಹಾಸಿ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದರು.

"ಹೆಸ್ರು ಹಾಕಿದೀರಾ?"

"ಹಾಕಿದೀನಿ ಸಾರ್. ಒಂದ್ಸಲ ಓದಿಬಿಡಿ."

"ನೀವು ಬರೆದ್ಮೇಲೆ ಓದೋದೇನ್ರೀ? ಒಂದು ಚುಕ್ಕಿ ತಪ್ಪಿದ್ರೂ ವಾಪಸ್ ಕಳ್ಸೋ ಆಸಾಮಿ ನೀವು!" ಭುಜಕ್ಕೆ ಒಂದು ಏಟು ಕೊಟ್ಟು, ಸಹಿ ಗೀಚಿ, ಕಾರು ಹತ್ತಿದರು. ಧೂಳು ಕೂತ ಮೇಲೂ ಸಿಗಾಮಣಿ ಅಲ್ಲೇ ನಿಂತಿದ್ದ. ಜೀವಮಾನದಲ್ಲಿ ಒಂದೇ ಒಂದು ಸಲ ನಿಜ ಬರೆದಿದ್ದ, ಅದನ್ನು ಒಬ್ಬರೂ ಓದಲಿಲ್ಲ. ಸಹಿಗಳೆಲ್ಲ ಬಿದ್ದಾಗಿತ್ತು. ಇನ್ನು ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ಆ ಒಂದು ಪುಟ ಬದಲಾಯಿಸಿ ಬೇರೆ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಕ್ಯಾಬಿನ್ನಿನ ತನಕ ನಡೆಯುವಷ್ಟು ಹೊತ್ತೂ ಅದು ಅವನ ಜೊತೆಗೇ ನಡೆದು ಬಂತು. ಒಳಗೆ ಬಂದು ಹಾಳೆಯನ್ನು ಜೇಬಿನಿಂದ ತೆಗೆದು, ಮಡಿಕೆಯನ್ನು ಸ್ಕೇಲಿನಿಂದ ತಿಕ್ಕಿ ನೇರಮಾಡಿ, ಮಿನಿಟ್ಸಿಗೆ ಪಿನ್ನು ಹೊಡೆದ. ಮೇಲೆ ಚೀಟಿ ಅಂಟಿಸಿ ಪೂಂಗೊಡಿಗೆ ಫೋನು ಮಾಡಿದ.

ನಾಲ್ಕೂ ಮುಕ್ಕಾಲಿಗೆ ಬಂದಳು. ಗುತ್ತಿಗೆದಾರರ ಪ್ರತಿಯನ್ನು ಸಹಿ ಹಾಕಿ ಒಯ್ಯಬೇಕಾದವಳು ಅವಳೇ. ಒಯ್ಯುವ ಮೊದಲು ಪ್ರತಿ ಹಾಳೆಯನ್ನೂ ಓದುವುದನ್ನು ಅವಳಿಗೆ ಕಲಿಸಿದವನು ಅವನೇ, ವಾಪಸ್ ಕಳಿಸಿ ಕಳಿಸಿ. ನಿಂತುಕೊಂಡೇ ಓದಿದಳು. ನಾಲ್ಕನೆಯ ಅಂಶದ ಮೇಲೆ ಅವಳ ಬೆರಳು ನಿಂತಿತು. ಪುಟ ತಿರುಗಿಸಿ ಸಹಿಗಳನ್ನು ನೋಡಿದಳು. ಏಳನೆಯ ಹಾಳೆಯನ್ನು ನೋಡಿದಳು, ನೀಲಿ ಸೀಲಿನ ಮೇಲೆ ಹೆಬ್ಬೆರಳಿಟ್ಟಳು. ಹೊರಗೆ ಯಾರೋ ಕಬ್ಬಿಣದ ಸರಳುಗಳನ್ನು ಲಾರಿಯಿಂದ ಕೆಡವುತ್ತಿದ್ದರು. 

"ಎಷ್ಟು ಸಲ?"

"ಇದೊಂದೇ..."

"ಸುಳ್ಳು ಹೇಳ್ಬೇಡಿ ಸಾರ್."

"ನಾಲ್ಕು."

"ಪೈಪಿನ ಫೈಲು?"

"ಹೂಂ."

"ಪೈಪಿನ ಫೈಲು ವಾಪಸ್ ಬಂದ ದಿನ ಮನೇಗೆ ಹೋಗಿ ಮಗಳಿಗೆ ಹೊಡೆದೆ," ಎಂದಳು. ದನಿ ಏರಿರಲಿಲ್ಲ. "ಹಾಳೆ ತಗೊಂಡು ಆನೆ ಬರ್ದಿದೀಯಾ ಅಂತ. ಇಲ್ಲಮ್ಮಾ ಅಂದ್ಲು. ಸುಳ್ಳು ಬೇರೆ ಹೇಳ್ತೀಯಾ ಅಂತ ಇನ್ನೊಂದು ಹೊಡೆದೆ. ಅವತ್ತಿಂದ ಅವ್ಳು ಬರೀತಿಲ್ಲ ಸಾರ್. ನೀವ್ ಕೊಟ್ಟ ಸುರುಳಿ ಹಾಗೇ ಮೂಲೇಲಿ ನಿಂತಿದೆ."

ಸಿಗಾಮಣಿ ಇಂಕಿನ ದಿಂಬಿನ ಮುಚ್ಚಳ ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ.

"ಯಾಕೆ ಸಾರ್?"

"ವಾಪಸ್ ಕಳಿಸಿದ್ರೆ ನೀನು ಬರ್ತಿದ್ದೆ."

ಹೇಳಿದ ಮೇಲೆ ಅದು ಎಷ್ಟು ಸಣ್ಣದು ಎಂದು ಗೊತ್ತಾಯಿತು. ಬಾಯಿಂದ ಬಿದ್ದ ಹಲ್ಲಿನ ಹಾಗೆ ಮೇಜಿನ ಮೇಲೆ ಅದು ಬಿದ್ದಿತ್ತು, ಇಬ್ಬರೂ ನೋಡುತ್ತಿದ್ದರು.

"ಬಾಮ್ಮಾ ಟೀ ಕುಡಿಯೋಣ ಅಂತ ಕರೆದಿದ್ರೂ ಬರ್ತಿದ್ದೆನಲ್ಲ," ಎಂದಳು.

ಮೇಲಿನ ಚೀಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟು, ಮಿನಿಟ್ಸನ್ನು ನೀಲಿ ಫೈಲಿಗೆ ಹಾಕಿ ಎದೆಗವಚಿಕೊಂಡಳು. ಇದನ್ನು ಹೆಡ್ಡಾಫೀಸಿಗೆ ಕಳಿಸುತ್ತೇನೆ ಎಂದಳು. ಕಳಿಸು ಎಂದ. ನಿಮ್ಮ ಕೆಲಸ ಹೋಗುತ್ತದಲ್ಲ ಎಂದಳು. ಅವನು ತಲೆಯಾಡಿಸಿದ. ಅವಳು ಚೀಟಿಯ ಮೇಲೆ ಬಗ್ಗಿ ಪೂರ್ತಿ ಹೆಸರು ಬರೆದಳು, ತಾರೀಕು ಹಾಕಿದಳು, ಗೋಡೆಯ ಗಡಿಯಾರ ನೋಡಿ ಗಂಟೆ ನಿಮಿಷ ಹಾಕಿದಳು, ಅವನು ಕಲಿಸಿದ ಹಾಗೆಯೇ. ಚೀಟಿಯನ್ನು ಅವನ ಕಡೆ ತಳ್ಳಿ ಹೊರಟಳು. ಕಿಟಕಿಯಲ್ಲಿ ಹಳದಿ ಹೆಲ್ಮೆಟ್ಟು ಮಣ್ಣಿನ ದಾರಿ ಹಿಡಿದು ಚಿಕ್ಕದಾಗುತ್ತಾ ಹೋಯಿತು. ನಡುವೆ ಎಲ್ಲೂ ನಿಲ್ಲಲಿಲ್ಲ.

ಅವನು ಚೀಟಿಯನ್ನು ಎತ್ತಿಕೊಂಡ. ಹೆಸರು ಸರಿ, ತಾರೀಕು ಸರಿ, ಗಂಟೆ ಸರಿ. ನಾಲ್ಕು ಚೌಕಗಳಲ್ಲಿ ಒಂದಕ್ಕೂ ಗುರುತು ಹಾಕಿರಲಿಲ್ಲ. ಒಪ್ಪಿದೆ ಎಂಬುದಕ್ಕಿಲ್ಲ, ತಿರಸ್ಕರಿಸಿದೆ ಎಂಬುದಕ್ಕೂ ಇಲ್ಲ. ಮರೆತಿರಬೇಕೆಂದು ಅವನು ಅರ್ಧ ಎದ್ದ, ಬಾಗಿಲಿನ ತನಕ ಹೋದ, ಚೀಟಿ ಹಿಡಿದ ಕೈಯನ್ನು ಮೇಲೆತ್ತಿದ. ಅವಳು ಏನನ್ನೂ ಮರೆಯುವುದಿಲ್ಲ ಎಂಬುದು ಆಗ ನೆನಪಾಯಿತು. ಕೈ ಇಳಿಸಿ ಒಳಗೆ ಬಂದ. ರಿಜಿಸ್ಟರಿನಲ್ಲಿ ನಂಬರು ಹಾಕಿದ, ಚೀಟಿಗೆ ಎರಡು ತೂತು ಹೊಡೆದ, ಖಾಲಿ ಚೌಕಗಳಿದ್ದ ಆ ಕಾಗದವನ್ನು ಹಾಗೆಯೇ ಕಪಾಟಿನ ಫೈಲಿನೊಳಗೆ ಸೇರಿಸಿ, ಕುರ್ಚಿಯಲ್ಲಿ ನೇರವಾಗಿ ಕೂತ.